ಜೇಬಿನಲ್ಲಿ ಕಿವಿ

ಸಂಗೀತ ಕಛೇರಿಗೆ ಟಿಕೆಟ್ ತೆಗೆದು, ಬಾಗಿಲಲ್ಲೇ ಕಿವಿ ಕಳಚಿ ಜೇಬಿಗೆ ಹಾಕಿಕೊಂಡು ಒಳಗೆ ಹೋಗುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನೆ ಏನು ಬಂತು, ಪಕ್ಕದ ಸೀಟಿನಲ್ಲಿ ಕೂತು ಅವರ ಬೂಟು ಕಾಯ್ದಿದ್ದೇನೆ!

ಬೂಟಿನ ಕಥೆ ಆಮೇಲೆ, ಮೊದಲು ಕಿವಿ. ನಮ್ಮ ಅಂಕಲ್‌ಗೆ ಎರಡೂ ಕಿವಿಗೆ ಮಿಷಿನ್ ಇದೆ. ಹರೆಯದಲ್ಲಿ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು. ಕಿವಿಗೆ ಹತ್ತಿ ಇಟ್ಟುಕೊಂಡರೆ ಜೊತೆಯವರು ಗೇಲಿ ಮಾಡುತ್ತಿದ್ದರೆಂದು ಇಡದೆ, ಉಡುಪಿಯ ಕಡೆಯಿಂದ ತಂದಿದ್ದ ಒಳ್ಳೆಯ ಜೋಡಿ ಕಿವಿಗಳನ್ನು ಸಮುದ್ರಕ್ಕೆ ಕೊಟ್ಟು ಲಂಡನ್ನಿನಲ್ಲಿ ಇಳಿದರು. ಈಗ ಮಿಷಿನ್ ಹಾಕಿಕೊಂಡರೆ ಮಾತು ಕೇಳಿಸುತ್ತದೆ. ಆದರೆ ದೊಡ್ಡ ಸ್ಪೀಕರುಗಳ ಮುಂದೆ ಕೂತರೆ ಆ ಮಿಷಿನ್ ಕುಕ್ಕರ್‌ನಂತೆ ಕೂಗಲು ಶುರುಮಾಡುತ್ತದೆ. ಆದ್ದರಿಂದ ಹಾಲ್‌ನ ಬಾಗಿಲಲ್ಲಿ ಅಂಕಲ್ ಒಂದು ಹಳೆಯ ಪೆಪ್ಪರ್‌ಮಿಂಟ್ ಡಬ್ಬಿ ತೆಗೆದು, ಎರಡೂ ಕಿವಿಗಳನ್ನು ಅದರೊಳಗೆ ಮಲಗಿಸಿ, ಡಬ್ಬಿಯನ್ನು ಕೋಟಿನ ಜೇಬಿಗೆ ಇಳಿಸಿ, ಮೇಲಿಂದ ಒಮ್ಮೆ ತಟ್ಟುತ್ತಾರೆ. ಮಗುವನ್ನು ಮಲಗಿಸಿದ ಹಾಗೆ.

"ಅಲ್ಲಾ ಅಂಕಲ್, ಕಿವಿ ಡಬ್ಬಿಯಲ್ಲಿಟ್ಟರೆ ಹಾಡು ಹೇಗೆ ಕೇಳಿಸುತ್ತೆ?" ಅಂತ ಮೊದಲ ಸಲ ಕೇಳಿದಾಗ ಅವರು ಬಗ್ಗಿ ಬೂಟು ಬಿಚ್ಚಿದರು. ಕಾಲುಚೀಲವನ್ನೂ ಬಿಚ್ಚಿದರು! ಎರಡು ಬರಿಗಾಲನ್ನು ಮರದ ನೆಲದ ಮೇಲೆ ಊರಿ, ಕಣ್ಣು ಮುಚ್ಚಿದರು. ನೆಲ ನಡುಗಿದಾಗೆಲ್ಲ ತಲೆ ಆಡಿಸಿದರು. ಎಂಜಿನ್ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂದು ಹಡಗಿನಲ್ಲಿ ಕಾಲಿನಿಂದಲೇ ತಿಳಿಯುತ್ತಿದ್ದರಂತೆ. ಹಾಲ್‌ನ ಹುಡುಗಿಯೊಬ್ಬಳು ಬಂದು, ಈ ಮುದುಕರಿಗೆ ತಲೆ ತಿರುಗಿತೋ ಏನೋ ಅಂತ ಬಗ್ಗಿ "ಸರ್, ಆರ್ ಯೂ ಆಲ್‌ರೈಟ್?" ಅಂದಳು. ಅವರಿಗೆ ಕೇಳಿಸಬೇಕಲ್ಲ! ನಾನೇ "ಅವರು ಕೇಳುತ್ತಿದ್ದಾರೆ" ಅಂದೆ. ಅವಳು ಬರಿಗಾಲು ನೋಡಿದಳು, ನನ್ನ ಮಡಿಲಲ್ಲಿದ್ದ ಬೂಟು ನೋಡಿದಳು. ಇನ್ನೇನೂ ಕೇಳದೆ ಹೋದಳು.

ಇವರು ನನಗೆ ಸಂಬಂಧದಲ್ಲಿ ಏನೂ ಅಲ್ಲ. ಹತ್ತಿರದವರು ಅಷ್ಟೆ. ನಾನೂ ನನ್ನ ಗಂಡನೂ ವರ್ಕ್ ವೀಸಾ ಹಿಡಿದು ಬಂದ ಹೊಸತರಲ್ಲಿ ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ಇವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆವು. ಆಮೇಲೆ ಎರಡು ರಸ್ತೆ ಆಚೆ ನಮ್ಮದೇ ಮನೆ ಆಯಿತು, ಆದರೆ ಭಾನುವಾರದ ಮೀನು ಸಾರು ಆಂಟಿಯ ಮನೆಯಲ್ಲೇ ಉಳಿಯಿತು. ನಾನು ಮೀನು ತಿನ್ನುವುದಿಲ್ಲ ಎಂದು ಮೊದಲ ವರ್ಷ ಹೇಳುತ್ತಿದ್ದೆ. ಎರಡನೆಯ ವರ್ಷ ಹೇಳುವುದನ್ನು ಬಿಟ್ಟೆ.

ನಾನು ಮೈಸೂರಿನವಳು ಎಂದು ತಿಳಿದ ದಿನವೇ ಅಂಕಲ್ ನನ್ನನ್ನು ಕೆಲಸಕ್ಕೆ ನೇಮಿಸಿಕೊಂಡರು. "ಮೈಸೂರಿನವಳಾ? ಹಾಗಾದ್ರೆ ಸಂಗೀತ ಕಲ್ತದ್ದುಂಟು."

"ಕಲಿತೆ ಅಂಕಲ್. ಟೀಚರ್ ಅಮ್ಮನ್ನ ಕರೆದು ಇವಳನ್ನ ಚಿತ್ರಕಲೆಗೆ ಹಾಕಿ ಅಂದರು."

"ಗಂಟಲು ಬೇಡ ಮಾರಾಯ್ತಿ, ಕಿವಿ ಸಾಕು ನಂಗೆ."

ಹೀಗೆ ನಾನು ಅವರ ಕಿವಿಯಾದೆ. ಕೆಲಸ ಸುಲಭ. ಜೊತೆಗೆ ಹೋಗುವುದು, ಕೇಳುವುದು, ಮುಗಿದ ಮೇಲೆ ಟ್ಯೂಬಿನಲ್ಲಿ, ಅಂದರೆ ಲಂಡನ್ನಿನ ನೆಲದಡಿಯ ರೈಲಿನಲ್ಲಿ, ಅವರು ಡಬ್ಬಿಯಿಂದ ಕಿವಿ ತೆಗೆದು ಹಾಕಿಕೊಂಡು "ಹೇಗಿತ್ತು?" ಎಂದರೆ ಸತ್ಯ ಹೇಳುವುದು. ಸುಳ್ಳು ಹೇಳಿದರೆ ಗೊತ್ತಾಗುತ್ತಿತ್ತು. ಕಾಲಿಗೂ ಸ್ವಲ್ಪ ತಿಳಿದಿರುತ್ತಿತ್ತಲ್ಲ!

ಅವರು ಹೋಗುತ್ತಿದ್ದದ್ದು ಬ್ಲೂಸ್ ಕೇಳಲು ಮಾತ್ರ. ಅಮೆರಿಕದಲ್ಲಿ ಹತ್ತಿಯ ಹೊಲಗಳಲ್ಲಿ ದುಡಿದ ಕಪ್ಪು ಜನರ ಸಂಕಟದಿಂದ ಹುಟ್ಟಿದ ಹಾಡು ಅದು. ಹಡಗಿನ ಅಡುಗೆಯವನೊಬ್ಬ ಅದರ ಕ್ಯಾಸೆಟ್ ಹಾಕುತ್ತಿದ್ದನಂತೆ, ಅಲ್ಲಿಂದ ಹತ್ತಿದ ಹುಚ್ಚು. "ಅಳುವುದನ್ನು ಕೇಳ್ಲಿಕ್ಕೆ ಟಿಕೆಟ್ ತೆಗೆಯುವವರು ಇವರೊಬ್ಬರೇ, ನಾನು ಇಲ್ಲಿ ಪುಕ್ಕಟೆ ಅಳ್ತೇನೆ" ಅಂತ ಆಂಟಿ ಹೇಳುತ್ತಿದ್ದರು. ಅದರಲ್ಲೂ ಅಂಕಲ್‌ಗೆ ಹಾಡುವವರಿಗೆ ವಯಸ್ಸಾಗಿರಬೇಕು. ಚಿಕ್ಕ ಪ್ರಾಯದವರು ಬಂದರೆ ಪೋಸ್ಟರ್ ನೋಡಿಯೇ ಮುಖ ತಿರುಗಿಸುತ್ತಿದ್ದರು. "ಇಪ್ಪತ್ತೈದು ವರ್ಷದವನಿಗೆ ಎಂತ ದುಃಖ ಉಂಟು? ಫೋನಿನ ಚಾರ್ಜ್ ಮುಗಿದ ದುಃಖವಾ?" ಕಲಾವಿದರನ್ನು ಇಬ್ಬರು ಹಿಡಿದು ಸ್ಟೇಜಿಗೆ ತರಬೇಕು, ಕುರ್ಚಿಯಲ್ಲಿ ಕೂರಿಸಬೇಕು, ಪಕ್ಕದಲ್ಲಿ ನೀರು, ಮಾತ್ರೆ ಇರಬೇಕು. ಯಾರಾದರೂ ತಾವೇ ನಡೆದು ಬಂದುಬಿಟ್ಟರೆ ಅಂಕಲ್ ಮುಖದಲ್ಲಿ ಒಂದು ಸಣ್ಣ ನಿರಾಸೆ ಕಾಣುತ್ತಿತ್ತು!

ಇದೆಲ್ಲ ಬರೀ ಹುಚ್ಚು ಎಂದೇ ನಾನು ನಂಬಿದ್ದೆ.

ಕ್ಯಾಮ್ಡೆನ್ನಿನ ಕಡೆ ಒಂದು ಹಾಲ್‌ಗೆ ಹೋಗಿದ್ದೆವು. ಬಂದವರು ಭಾರಿ ಹೆಸರಿನ ಹಿರಿಯರು. ಗಿಟಾರ್ ತೊಡೆಯ ಮೇಲೆ ಇತ್ತು, ಇದ್ದದ್ದು ಅಷ್ಟೆ. ಅರ್ಧ ಸಮಯ ಹಳೆಯ ಕಥೆ ಹೇಳಿದರು, ಹೇಳಿದ್ದನ್ನೇ ಮತ್ತೆ ಹೇಳಿದರು. ಹಾಡಲು ಶುರುಮಾಡಿದ ಮೇಲೆ ಕಥೆಯೇ ವಾಸಿಯಿತ್ತು ಅನ್ನಿಸಿತು. ಮೇಲಿನ ಸ್ವರ ಬಂದಾಗ ತಲೆ ಎತ್ತಿ ಬಾಯಿ ತೆರೆಯುತ್ತಿದ್ದರು, ಏನೂ ಬರುತ್ತಿರಲಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಕೂತವನು ಹೆಂಡತಿಗೆ "ಇವರು ಹತ್ತು ವರ್ಷದ ಹಿಂದೆಯೇ ನಿಲ್ಲಿಸಬೇಕಿತ್ತು" ಅಂದ. ಚಪ್ಪಾಳೆ ಮಾತ್ರ ಜೋರಾಗಿತ್ತು. ಅದು ಹಾಡಿಗಲ್ಲ, ಹೆಸರಿಗೆ. ಅವರೂ ಅದನ್ನು ತಿಳಿದೇ ತಲೆ ಬಾಗಿದರು ಎನ್ನಿಸಿ ನನಗೆ ಬಹಳ ಬೇಸರವಾಯಿತು.

ಟ್ಯೂಬಿನಲ್ಲಿ ಕಿವಿ ಹಾಕಿಕೊಂಡು ಅಂಕಲ್ "ಹೇಗಿತ್ತು?" ಅಂದರು.

"ಗಂಟಲಲ್ಲಿ ಏನೂ ಉಳಿದಿಲ್ಲ ಅಂಕಲ್. ನೋಡೋಕೇ ಕಷ್ಟ ಆಯ್ತು. ಬರಬಾರದಿತ್ತು ಅವರು."

ನಾನು ಬೈದದ್ದು ತಮ್ಮನ್ನೇ ಎಂಬ ಹಾಗೆ ಅಂಕಲ್ ಮುಖ ಇಳಿಯಿತು. ಮನೆ ಮುಟ್ಟಿದಾಗ ಬಾಗಿಲು ತೆರೆದ ಆಂಟಿ, "ಹೇಗಿತ್ತಂತೆ ನಿಮ್ಮ ಅಜ್ಜ?" ಅಂದರು. ಅಂಕಲ್ ಕೋಟು ಬಿಚ್ಚುತ್ತ, "ದಂಡ" ಅಂದರು. ಆಂಟಿ ನಕ್ಕು "ಹೇಳ್ಲಿಲ್ವಾ ನಾನು?" ಎಂದು ಒಳಗೆ ಹೋದರು. ಆ ನಗು ನಗುವಿನ ಹಾಗೆ ಇರಲಿಲ್ಲ.

ಇಲ್ಲಿ ಆಂಟಿಯ ವಿಷಯ ಹೇಳಬೇಕು. ಅವರ ಜನರಲ್ಲಿ, ಅಂದರೆ ಕೊಂಕಣಿ ಮಾತಾಡುವ ಮಂಗಳೂರಿನ ಕಡೆಯ ಕ್ರೈಸ್ತರಲ್ಲಿ, ಮದುವೆಗೆ ಮುಂಚೆ ರೋಸ್ ಎಂಬ ಶಾಸ್ತ್ರ ಇದೆ. ಮದುಮಗಳನ್ನು ಕೂರಿಸಿ, ತಲೆಗೆ ಮೈಗೆ ತೆಂಗಿನ ಹಾಲು ಹಚ್ಚಿ ಮೀಯಿಸುತ್ತಾರೆ. ಹಾಲು ಹಚ್ಚುವಾಗ ಹಿರಿಯ ಹೆಂಗಸೊಬ್ಬಳು ವೊವಿಯೊ ಎಂಬ ಹಾಡು ಎತ್ತಿಕೊಡಬೇಕು. ಅವಳು ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ತಿರುಗಿ ಹಾಡಬೇಕು. ಲಂಡನ್ನಿನಲ್ಲಿ ವೆಂಬ್ಲಿಯಿಂದ ಇಲ್ಫರ್ಡಿನ ತನಕ ಯಾರ ಮನೆಯ ರೋಸ್ ಆದರೂ ಹಾಡು ಎತ್ತುತ್ತಿದ್ದವರು ನಮ್ಮ ಆಂಟಿ. ಮೈಕ್ ಕೊಟ್ಟರೆ ಪಕ್ಕಕ್ಕಿಡುತ್ತಿದ್ದರು. ಅವರ ಒಂದು ಸಾಲು ಹಾಲ್ ದಾಟಿ ಕಾರ್ ಪಾರ್ಕಿಗೆ ಹೋಗಿ, ಅಲ್ಲಿ ಬಿಯರ್ ಕುಡಿಯುತ್ತ ನಿಂತ ಗಂಡಸರನ್ನು ಒಳಗೆ ಕರೆತರುತ್ತಿತ್ತು!

ಅಂಕಲ್ ನನ್ನನ್ನು ಕಿವಿಯಾಗಿ ನೇಮಿಸಿಕೊಳ್ಳುವ ಮೊದಲೇ ಆ ಗಂಟಲಿಗೆ ಕಾಯಿಲೆ ಬಂತು. ಆಪರೇಷನ್ ಆಯಿತು, ಮೇಲೆ ಕರೆಂಟ್ ಚಿಕಿತ್ಸೆ ಆಯಿತು. ಜೀವ ಉಳಿಯಿತು, ಧ್ವನಿಯೂ ಒಂದಷ್ಟು ಬಂತು. ಆದರೆ ಅದು ಬೇರೆ ಯಾರದೋ ಧ್ವನಿ. ದಪ್ಪಗೆ, ನಡುನಡುವೆ ಹರಿದು, ಒಂದು ವಾಕ್ಯಕ್ಕೆ ಎರಡು ಸಲ ಉಸಿರು ಬೇಡುವ ಧ್ವನಿ. ಆಂಟಿ ಅಂದಿನಿಂದ ಹಾಡು ನಿಲ್ಲಿಸಿದರು. ಅಡುಗೆ ಮಾಡುವಾಗಿನ ಗುನುಗೂ ನಿಂತಿತು.

ಕ್ಯಾಮ್ಡೆನ್ನಿನ ಆ ಕಛೇರಿಯ ನಂತರ ಮೊಮ್ಮಗಳ ಮದುವೆ ನಿಶ್ಚಯವಾಯಿತು. "ಗ್ರ್ಯಾನಿ, ಯೂ ಹ್ಯಾವ್ ಟು ಸಿಂಗ್!" ಎಂದು ಆ ಹುಡುಗಿ ಕುತ್ತಿಗೆಗೆ ಜೋತುಬಿದ್ದಳು. ಆಂಟಿ ಅವಳ ಕೆನ್ನೆ ತಟ್ಟಿ, "ಫೋನಿನಲ್ಲಿ ಹಾಕಿ ಬಾಬಾ, ಅದರಲ್ಲಿ ಎಲ್ಲ ಸಿಗ್ತದೆ" ಅಂದರು. ಆಂಟಿಯ ಮಗಳು ಸ್ಪೀಕರ್ ಕೂಡ ತಂದಿಟ್ಟಳು.

ಅಂಕಲ್ ಬಿಡಲಿಲ್ಲ. "ನೀನು ಹಾಡು."

"ಒಡೆದ ಹಾಲಲ್ಲಿ ಚಾ ಮಾಡ್ತಾರಾ?" ಅಂದರು ಆಂಟಿ.

"ಒಡೆದ ಹಾಲಲ್ಲಿ ಪನೀರ್ ಮಾಡ್ತಾರೆ. ಈಲಿಂಗ್ ರೋಡಿನ ಅಂಗಡಿಯಲ್ಲಿ ಕೇಳಿ ನೋಡು, ಹಾಲಿಗಿಂತ ರೇಟು ಹೆಚ್ಚುಂಟು ಅದಕ್ಕೆ."

"ಹಾಗಾದ್ರೆ ಪನೀರ್ ತನ್ನಿ. ಹಾಡಿನ ಸುದ್ದಿ ಬೇಡ."

ಅವತ್ತು ಅವರ ಅಡುಗೆಮನೆಯಲ್ಲಿ ಕೂತು ಈ ಜಗಳ ಕೇಳಿದಾಗ ನನಗೆ ಎಲ್ಲ ಅರ್ಥವಾಯಿತು. ಈ ಮನುಷ್ಯ ವಯಸ್ಸಾದ ಹಾಡುಗಾರರನ್ನು ಹುಡುಕಿಕೊಂಡು ಊರೆಲ್ಲ ಅಲೆಯುತ್ತಿದ್ದದ್ದು ಹುಚ್ಚಿಗಲ್ಲ, ಸಾಕ್ಷಿಗೆ! ಗಂಟಲು ಒಡೆದ ಮೇಲೂ ಹಾಡಬಹುದು, ಜನ ಕೂತು ಕೇಳುತ್ತಾರೆ ಎನ್ನುವುದಕ್ಕೆ ಒಬ್ಬರಾದರೂ ಸಾಕ್ಷಿ ಸಿಗಬೇಕಿತ್ತು ಅವರಿಗೆ. ಕಿವಿ ಕೇಳದ ಅವರು ಆ ಸಾಕ್ಷಿಯನ್ನು ನನ್ನ ಬಾಯಿಂದ ತೆಗೆಯಬೇಕಿತ್ತು. ಸುಳ್ಳೇ ಹೇಳಬಹುದಿತ್ತಲ್ಲ ಹೆಂಡತಿಗೆ ಅಂತೀರಾ? ನಾನೂ ಕೇಳಿದೆ. "ಅವಳಿಗೆ ಹಾಡಿನ ವಿಷಯದಲ್ಲಿ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಬೇರೆ ಎಲ್ಲದರಲ್ಲಿ ಹೇಳಿದ್ದೇನೆ" ಅಂದರು.

ಮದುವೆ ಹತ್ತಿರ ಬರುತ್ತಿತ್ತು. ಆಂಟಿ ಮತ್ತೆ ಸ್ಕ್ಯಾನ್‌ಗೆ ಹೋಗಿ ಬಂದಿದ್ದರು. ಡಾಕ್ಟರು ಏನು ಹೇಳಿದರು ಎಂದು ಅಂಕಲ್ ನಮಗೆ ಹೇಳಲಿಲ್ಲ. ಮುಂದಿನ ವಾರವೇ ಇನ್ನೊಂದು ಕಛೇರಿಗೆ ಟಿಕೆಟ್ ತೆಗೆದರು, ಅಷ್ಟೆ. ಆ ಅವಸರ ನೋಡಿಯೇ ಸುದ್ದಿ ಒಳ್ಳೆಯದಲ್ಲ ಎಂದು ನನಗೆ ತಿಳಿಯಿತು.

ಅದು ಥೇಮ್ಸ್‌ನ ಆಚೆ ದಕ್ಷಿಣದಲ್ಲಿ ಒಂದು ಹಳೆಯ ಹಾಲ್. ಈ ಸಲ ಹಾಡುವವರು ಒಬ್ಬ ಅಜ್ಜಿ. ಗಾಲಿಕುರ್ಚಿಯಲ್ಲಿ ಬಂದರು. ಮಿಂಚುವ ನೀಲಿ ಗೌನು, ತುಟಿಗೆ ಕೆಂಪು. ಅಂಕಲ್ ಸಂತೋಷದಿಂದ ಬೂಟು ಬಿಚ್ಚಿ ನನ್ನ ಮಡಿಲಿಗೆ ಕೊಟ್ಟರು. ಅಜ್ಜಿಯ ಧ್ವನಿಯೂ ಹೋಗಿತ್ತು ಕಣ್ರೀ, ಸುಳ್ಳು ಯಾಕೆ ಹೇಳಲಿ? ಆದರೆ ಅವರು ಮೇಲಿನ ಸ್ವರವನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಕೆಳಗೆ, ಹತ್ತಿರದಲ್ಲಿ, ಪಕ್ಕದ ಮನೆಯವಳಿಗೆ ಗುಟ್ಟು ಹೇಳುವ ಹಾಗೆ ಹಾಡಿದರು. ಬ್ಲೂಸಿನಲ್ಲಿ ಮೊದಲ ಸಾಲನ್ನು ಎರಡು ಸಲ ಹೇಳುವುದು ವಾಡಿಕೆ. ಎರಡನೆಯ ಸಲ ಅಜ್ಜಿ ಬಾಯಿ ಮುಚ್ಚಿ ಕೈ ಬೀಸಿದರು, ಹಿಂದಿದ್ದ ಹೆಂಗಸರು ಅದನ್ನು ಹಾಡಿದರು. ಅಜ್ಜಿ ಅಷ್ಟರಲ್ಲಿ ಉಸಿರು ತುಂಬಿಕೊಂಡರು. ಒಂದು ಕಡೆ ಮುಂದಿನ ಸಾಲು ಮರೆತೇ ಹೋಯಿತು. ಗಿಟಾರಿನವನು ಅವರ ಮುಖ ನೋಡುತ್ತ, ಅದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತ ಕಾದ. ಅವಸರ ಮಾಡಲಿಲ್ಲ. ಅಜ್ಜಿ ನಕ್ಕರು, ಹಾಲ್ ಇಡೀ ನಕ್ಕಿತು, ನಗುವಿನ ನಡುವೆಯೇ ಸಾಲು ನೆನಪಾಗಿ ಅವರು ಅದನ್ನು ಹಾಡಿಬಿಟ್ಟರು. ನನಗೆ ಯಾಕೋ ಅಳು ಒತ್ತಿಕೊಂಡು ಬಂತು. ಒರೆಸಿಕೊಳ್ಳಲು ಕರ್ಚೀಫ್ ಇರಲಿಲ್ಲ, ಕೈಯಲ್ಲಿದ್ದದ್ದು ಅಂಕಲ್ ಕಾಲುಚೀಲ!

ಟ್ಯೂಬಿನಲ್ಲಿ ಅವರು ಕಿವಿ ಹಾಕಿಕೊಳ್ಳುವುದಕ್ಕೂ ಕಾಯದೆ ಶುರುಮಾಡಿದೆ. ಎರಡು ಸಲ ಹೇಳುವುದು, ಹಿಂದಿನ ಹೆಂಗಸರು, ಕಾದ ಗಿಟಾರಿನವನು, ಎಲ್ಲ ಹೇಳಿದೆ. ಅಂಕಲ್ ಕೈಯಲ್ಲಿ ಡಬ್ಬಿ ಹಿಡಿದು ನನ್ನ ತುಟಿಯನ್ನೇ ನೋಡುತ್ತ ಕೂತಿದ್ದರು.

"ಇನ್ನೊಮ್ಮೆ ಹೇಳು. ಎರಡನೇ ಸಲ ಅವಳು ಹಾಡ್ಲಿಲ್ವಾ?"

"ಇಲ್ಲ ಅಂಕಲ್. ಬೇರೆಯವರು ಹಾಡಿದ್ರು."

"ಅಷ್ಟು ಹೊತ್ತು ಅವಳಿಗೆ ಉಸಿರು ಸಿಕ್ಕಿತು. ವೊವಿಯೊದಲ್ಲಿಯೂ ಹಾಗೇ ಅಲ್ವಾ ಮಾರಾಯ್ತಿ!"

ಆ ದಿನ ಬಾಗಿಲು ತೆರೆದ ಆಂಟಿ ಕೇಳುವ ಮೊದಲೇ ಅಂಕಲ್ ನನ್ನನ್ನು ಮುಂದೆ ತಳ್ಳಿದರು. "ಹೇಳು ಅವಳಿಗೆ." ನಾನು ಹೇಳಿದೆ. ಆಂಟಿ ನಿಂತೇ ಕೇಳಿದರು. ಕೊನೆಗೆ, ಆ ಹರಿದ ಧ್ವನಿಯಲ್ಲಿ, "ಅವಳಿಗೆ ಬ್ಯಾಂಡ್ ಇತ್ತು. ನನಗೆ ಯಾರಿದ್ದಾರೆ? ನನ್ನ ಜೊತೆ ಹಾಡುತ್ತಿದ್ದವರು ಅರ್ಧ ಜನ ಮಣ್ಣಿಗೆ ಹೋದ್ರು, ಅರ್ಧ ಜನಕ್ಕೆ ಮೊಣಕಾಲು ನೋವು" ಅಂದರು.

ಅವರು ಇಲ್ಲ ಎನ್ನಲಿಲ್ಲ. ಅಂಕಲ್‌ಗೆ ಅಷ್ಟು ಸಾಕಿತ್ತು.

ಮುಂದಿನ ಶನಿವಾರದಿಂದ ನಮ್ಮ ಮನೆಯ ಲಿವಿಂಗ್ ರೂಮಿನಲ್ಲಿ ಬ್ಯಾಂಡ್ ತಯಾರಾಗತೊಡಗಿತು. ಯಾರು ಯಾರು ಗೊತ್ತೇ? ಕೊಂಕಣಿ ಬರುವ ಇಬ್ಬರು, ಬಾರದ ನಾನು, ನಮ್ಮ ಧಾರವಾಡದ ಗೆಳತಿ, ಮತ್ತೆ ಚಹಾಕ್ಕೆಂದು ಬಂದು ಸಿಕ್ಕಿಬಿದ್ದ ಗುಜರಾತಿ ನೆರೆಯವಳು. ಕಲಿಸುವವರು? ಅಂಕಲ್! ಕೈಯಲ್ಲಿ ಮರದ ಸೌಟು ಹಿಡಿದು, ಸೋಫಾದ ಮುಂದೆ ಬರಿಗಾಲಲ್ಲಿ ನಿಂತು. ನಮ್ಮ ಮನೆಯಲ್ಲಿ ದಪ್ಪ ಕಾರ್ಪೆಟ್, ಕಾಲಿಗೂ ಏನೂ ಕೇಳಿಸದು. ನಾವೆಲ್ಲ ಒಟ್ಟಿಗೆ ಕಿರುಚಿದರೆ ಮಿಷಿನ್ ಕೂಗುತ್ತದೆ ಎಂದು ಅದನ್ನೂ ಕಳಚಿಟ್ಟು, ನಮ್ಮ ತುಟಿ ನೋಡಿ ತಪ್ಪು ಹಿಡಿಯುತ್ತಿದ್ದರು!

"ನೀವು ಹಾಡ್ತಾ ಇದ್ದೀರಾ, ಆಕಳಿಸ್ತಾ ಇದ್ದೀರಾ?"

"ನಮ್ಮ ಬಾಯಿಗೆ ಕೊಂಕಣಿ ಹೊಳ್ಳಂಗಿಲ್ರೀ ಅಂಕಲ್" ಅಂದಳು ಧಾರವಾಡದವಳು.

"ನಾಲಿಗೆ ಹೊರಳದಿದ್ರೆ ಪರವಾಗಿಲ್ಲ. ಅವಳು ನಿಲ್ಲಿಸಿದ ಕೂಡ್ಲೆ ನೀವು ಹಿಡೀಬೇಕು. ಅವಳು ಶುರುಮಾಡದಿದ್ರೆ ನೀವು ನಿಲ್ಲಿಸಬಾರದು. ಅಷ್ಟೇ ಸಂಗೀತ."

ನಾನು ಬಾಲ್ಯದಲ್ಲಿ ಕಲಿಯದೆ ಬಿಟ್ಟ ಸಂಗೀತವೆಲ್ಲ ಆ ಒಂದು ಮಾತಿನಲ್ಲಿ ಇತ್ತು ಎಂದು ಈಗ ಅನ್ನಿಸುತ್ತದೆ.

ರೋಸ್ ಶಾಸ್ತ್ರ ಚರ್ಚಿನ ಹಾಲ್‌ನಲ್ಲಿ ನಡೆಯಿತು. ಮೊಮ್ಮಗಳು ಹಳೆಯ ಬಟ್ಟೆ ತೊಟ್ಟು ಮಣೆಯ ಮೇಲೆ ಕೂತಳು. ಮುಂದೆ ತೆಂಗಿನ ಹಾಲಿನ ಬೋಗುಣಿ. ಮಗಳು, ಯಾವುದಕ್ಕೂ ಇರಲಿ ಎಂದು, ಸ್ಪೀಕರಿನ ಪಕ್ಕದಲ್ಲೇ ಫೋನ್ ಹಿಡಿದು ನಿಂತಿದ್ದಳು. ಆಂಟಿಯನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಹಸಿರು ಸೀರೆ, ಕುತ್ತಿಗೆಗೆ ಸ್ಕಾರ್ಫ್. ಬಹಳ ತೆಳ್ಳಗಾಗಿದ್ದರು. ಅವರ ಬೆನ್ನ ಹಿಂದೆ ಸಣ್ಣ ಸ್ಟೂಲಿನ ಮೇಲೆ, ಕಿವಿ ಡಬ್ಬಿಗೆ ಹಾಕಿದ, ಬೂಟಿಲ್ಲದ ಅಂಕಲ್.

ಆಂಟಿ ಬಾಯಿ ತೆರೆದರು. ಮೊದಲು ಗಾಳಿ ಬಂತು, ಆಮೇಲೆ ಸ್ವರ. ಹಾಲ್‌ನ ಕೊನೆಯ ಸಾಲಿಗೂ ಮುಟ್ಟದ ಸ್ವರ. ಕಾರ್ ಪಾರ್ಕಿನ ಗಂಡಸರಿಗೆ ಅವತ್ತು ಏನೂ ಕೇಳಿಸಿರಲಾರದು. ಆದರೂ ಅವರೆಲ್ಲ ಒಬ್ಬೊಬ್ಬರಾಗಿ ಒಳಗೆ ಬಂದು, ಗೋಡೆಗೆ ಒರಗಿ, ಗ್ಲಾಸ್ ಕೆಳಗಿಟ್ಟು ನಿಂತಿದ್ದರು. ಸಾಲು ಮುಗಿಯಿತು, ನಾವು ಹಿಡಿದೆವು. ಎರಡನೆಯದು. ಮೂರನೆಯದರ ನಡುವೆ ಧ್ವನಿ ಹರಿದು ನಿಂತೇ ಹೋಯಿತು. ಆಂಟಿ ಕಣ್ಣು ಮುಚ್ಚಿದರು. ನಾವು ಹಿಂದಿನ ಸಾಲನ್ನೇ ತಿರುಗಿ ಹಾಡಿದೆವು. ಅವರು ಎತ್ತಲಿಲ್ಲ. ಮತ್ತೆ ಹಾಡಿದೆವು. ಮಗಳ ಬೆರಳು ಫೋನಿನ ಮೇಲೆ ಹೋಗಿದ್ದು ಕಂಡಿತು. ಧಾರವಾಡದವಳು ಅಳುತ್ತಲೇ, ತಪ್ಪು ಕೊಂಕಣಿಯಲ್ಲಿ, ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು. ಎಷ್ಟು ಸಲವಾಯಿತೋ, ಆಮೇಲೆ ಆಂಟಿ ನಿಧಾನವಾಗಿ ಮುಂದಿನ ಸಾಲು ಎತ್ತಿದರು. ಮೊಮ್ಮಗಳ ಮುಖದ ಮೇಲೆ ತೆಂಗಿನ ಹಾಲೂ ಕಣ್ಣೀರೂ ಒಟ್ಟಿಗೆ ಇಳಿಯುತ್ತಿದ್ದವು. ಸ್ಪೀಕರ್ ಹಾಕುವ ಪ್ರಸಂಗ ಬರಲಿಲ್ಲ.

ಎಲ್ಲ ಮುಗಿದು ಜನ ಊಟಕ್ಕೆ ಎದ್ದಾಗ ನಾನು ಅಂಕಲ್ ಪಕ್ಕಕ್ಕೆ ಹೋದೆ. ಈಗ "ಹೇಗಿತ್ತು?" ಅಂತಾರೆ, ಏನು ಹೇಳಲಿ ಎಂದು ಒಳಗೊಳಗೇ ಹೆದರಿದ್ದೆ. ಸ್ವರ ಒಡೆದಿತ್ತು, ಶ್ರುತಿ ಇರಲಿಲ್ಲ. ಅದನ್ನು ಹೇಗೆ ಹೇಳುವುದು? ಆದರೆ ಅವರು ಕೇಳಲೇ ಇಲ್ಲ. ನಾನೇ, ಮೊದಲ ಸಲ, ಅವರ ಕೈ ಮುಟ್ಟಿ ಕೇಳಿದೆ. "ಹೇಗಿತ್ತು ಅಂಕಲ್?"

ಅವರು ತುಟಿ ನೋಡಿ ತಿಳಿದುಕೊಂಡರು. ಬಲಗೈಯನ್ನು ನೋಡಿಕೊಂಡರು. ಆಗ ಗೊತ್ತಾಯಿತು ನನಗೆ, ಹಾಡು ಮುಗಿಯುವ ತನಕ ಆ ಕೈ ಆಂಟಿಯ ಬೆನ್ನ ಮೇಲೆಯೇ ಇತ್ತು.

"ಹೊರಗೆ ಹೇಗಿತ್ತು ಅಂತ ನಿಂಗೆ ಗೊತ್ತು. ಒಳಗೆ ಒಡೆದಿರಲಿಲ್ಲ ಮಾರಾಯ್ತಿ."

ಆಂಟಿ ಆ ಚಳಿಗಾಲ ದಾಟಲಿಲ್ಲ.

ಅಂಕಲ್ ಇನ್ನು ಕಛೇರಿಗೆ ಹೋಗಲಾರರು ಎಂದುಕೊಂಡಿದ್ದೆ. ಸಾಕ್ಷಿಯ ಅಗತ್ಯವೇ ಮುಗಿದಿತ್ತಲ್ಲ. ಆದರೆ ಹೋದ ಭಾನುವಾರ ಫೋನ್ ಬಂತು. "ಮಧ್ಯಾಹ್ನ ಒಬ್ಬರು ಹಾಡ್ತಾರಂತೆ, ತುಂಬಾ ಪ್ರಾಯ ಆಗಿದೆಯಂತೆ. ಹೋಗುವ ಬಾ." ಹೋದೆವು. ಡಬ್ಬಿ, ಬೂಟು, ಬರಿಗಾಲು, ಎಲ್ಲ ಮೊದಲಿನ ಹಾಗೆ. ಹಾಡಿದವರು ಚೆನ್ನಾಗಿಯೇ ಹಾಡಿದರು. ಮುಗಿದು ಜ್ಯುಬಿಲಿ ಲೈನಿನ ರೈಲಿನಲ್ಲಿ ಸೀಟು ಸಿಕ್ಕಿದ ಕೂಡಲೇ ಅಂಕಲ್ ಕಿವಿ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಹೇಗಿತ್ತು? ಬೇಗ ಹೇಳು. ಮನೆಗೆ ಹೋದ ಕೂಡ್ಲೆ ಕೇಳ್ತಾಳೆ."

ಹೇಳಿಬಿಟ್ಟ ಮೇಲೆ ಅವರಿಗೇ ಕೇಳಿಸಿತು. ಕೈಯಲ್ಲಿದ್ದ ಖಾಲಿ ಡಬ್ಬಿಯ ಮುಚ್ಚಳವನ್ನು ಒಮ್ಮೆ ತೆರೆದು ಮುಚ್ಚಿದರು. ಅವರು ಮುಂದಿನ ಮಾತು ಎತ್ತುವ ಹಾಗೆ ಕಾಣಲಿಲ್ಲ. ಅವರೇ ಕಲಿಸಿದ್ದರಲ್ಲ, ನಾವು ನಿಲ್ಲಿಸಬಾರದು.

ನಾನು ಹೇಳತೊಡಗಿದೆ. ಮೊದಲ ಹಾಡಿನಿಂದ, ಒಂದೂ ಬಿಡದೆ. ಮುಗಿದಾಗ ಮತ್ತೆ ಮೊದಲಿನಿಂದ ಹೇಳಿದೆ. ಕ್ವೀನ್ಸ್‌ಬರಿ ಬರುವ ತನಕ ಹೇಳುತ್ತಲೇ ಇದ್ದೆ.